ಯಜಮಾನರು ಊರಲ್ಲಿಲ್ಲದ ಡಬ್ಬ

“ಈ ಊರಿಗೆ ಯಮ ಬಂದರೂ ಮೊದಲು ನನ್ನ ಅಕ್ಷರ ಓದಬೇಕು, ಆಮೇಲೆ ಬಾಗಿಲು ತಟ್ಟಬೇಕು. ನಾನು ಒಂದು ಸಲ ಬರೆದ ನಂಬರನ್ನ ಬದಲಾಯಿಸೋ ಗಂಡು ಇನ್ನೂ ಹುಟ್ಟಿಲ್ಲ.”

ನಂಬರಣ್ಣ ಈ ಮಾತನ್ನು ಬಣ್ಣದ ಮುಚ್ಚಳ ತೆರೆಯುವಾಗ ಒಂದು ಸಲ ಹೇಳುತ್ತಿದ್ದ, ಮುಚ್ಚುವಾಗ ಇನ್ನೊಂದು ಸಲ. ಜಂಬ ಅನ್ನಿ, ಆದರೆ ಪೂರ್ತಿ ಸುಳ್ಳಲ್ಲ. ಊರಿನ ಮನೆಗಳಿಗೆ ನಗರಸಭೆ ನಂಬರು ಕೊಡುತ್ತಿತ್ತು. ಅದನ್ನು ತಗಡಿನ ಮೇಲೆ ಬರೆದು ಬಾಗಿಲ ಪಕ್ಕ ಹೊಡೆಯುತ್ತಿದ್ದವನು ಅವನು. ಅವನ ಸೊನ್ನೆ ಈಗತಾನೆ ಉಂಡು ಎದ್ದವನ ಹೊಟ್ಟೆಯ ಹಾಗೆ ತುಂಬಿಕೊಂಡಿರುತ್ತಿತ್ತು. ಅವನ ಒಂಬತ್ತು, ಬಾಲ ಸುರುಟಿಕೊಂಡು ಹೊಸ್ತಿಲ ಮೇಲೆ ಮಲಗಿದ ಬೆಕ್ಕಿನ ಹಾಗೆ. ರಸ್ತೆ ಅಗಲ ಮಾಡುವಾಗ ಒಂದು ಮನೆಯ ಮುಂಗೋಡೆ ಪುಡಿಪುಡಿಯಾಯಿತಂತೆ, ಇವನ ತಗಡು ಮಾತ್ರ ಗಾಳಿಯಲ್ಲಿ ಇದ್ದ ಜಾಗದಲ್ಲೇ ನಿಂತಿತ್ತಂತೆ, ಪೋಸ್ಟಿನವನು ಅದಕ್ಕೇ ಕಾಗದ ಸಿಕ್ಕಿಸಿ ಹೋದನಂತೆ. ಹೀಗೆಂದು ಹೇಳುತ್ತಿದ್ದವನು ನಂಬರಣ್ಣನೇ. ಪೋಸ್ಟಿನವನನ್ನು ಕೇಳಿದರೆ ಅವನು ಹೌದೂ ಅನ್ನುತ್ತಿರಲಿಲ್ಲ, ಇಲ್ಲವೂ ಅನ್ನುತ್ತಿರಲಿಲ್ಲ. ಅವನ ಮನೆಯ ತಗಡನ್ನೂ ಇವನೇ ಬರೆದುಕೊಟ್ಟಿದ್ದನಲ್ಲ.

ಅವನದು ರಸ್ತೆಯ ಈಚೆ ಬದಿ ಮಹಡಿಯ ಮೇಲೆ ಎರಡು ಕೋಣೆಯ ಮನೆ. ಆಚೆ ಬದಿ, ಕಿಟಕಿಗೆ ನೇರ ಎದುರಿಗೆ, ತಗಡಿನ ಮಾಡಿನ ಕಾರ್ಖಾನೆ. ಕಾರ್ಖಾನೆ ಎಂಬುದು ಅವನ ಮಾತು. ನೋಡಿದವರಿಗೆ ಅದು ಶೆಡ್ಡು. ನಡುವಿನ ರಸ್ತೆಯಲ್ಲಿ ಹಗಲೆಲ್ಲ ಲಾರಿಗಳು, ಪಕ್ಕದಲ್ಲಿ ಕಬ್ಬಿಣ ಕೊಯ್ಯುವ ಅಂಗಡಿ. ಆ ಗದ್ದಲದಲ್ಲಿ ನೊಣ ಕೂಡ ತನ್ನ ರೆಕ್ಕೆಯ ಸದ್ದು ಕೇಳಿಸದೆ ದಾರಿ ತಪ್ಪುತ್ತಿತ್ತು.

ಮನೆಯಲ್ಲಿ ಇನ್ನೊಬ್ಬರೆಂದರೆ ಅವನ ಅಕ್ಕ. ತಾಯಿ ತೀರಿಕೊಂಡಾಗ ನಂಬರಣ್ಣನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಗುಂಡಿ ಹಾಕಿದವಳು, ಅನ್ನ ಹಾಕಿದವಳು, ಅಡ್ಡ ಮಾತಾಡಿದಾಗ ಬೆನ್ನಿಗೆ ಎರಡು ಹಾಕಿದವಳು ಎಲ್ಲಾ ಅಕ್ಕನೇ. ಆಮೇಲೆ ಅವಳು ಬಸ್ಸಿನಲ್ಲಿ ಕಂಡಕ್ಟರ್ ಆದಳು. ಹಿಂದಿನ ಬಾಗಿಲಲ್ಲಿ ನಿಂತು ಅವಳು “ರೈಟ್” ಅಂದರೆ ಅವಳ ಬಸ್ಸಷ್ಟೇ ಅಲ್ಲ, ಪಕ್ಕದ ರಸ್ತೆಯಲ್ಲಿ ನಿಂತಿದ್ದ ಬಸ್ಸುಗಳೂ ಹೊರಡುತ್ತಿದ್ದವು. ಟಿಕೆಟ್ಟು ತಗೊಳ್ಳದವನು ಅವಳ ನೋಟಕ್ಕೇ ಜೇಬಿಗೆ ಕೈ ಹಾಕುತ್ತಿದ್ದ. ತಗೊಂಡವನೂ ಹೆದರಿ ಇನ್ನೊಂದು ತಗೊಳ್ಳುತ್ತಿದ್ದ. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೆಣಕಿದರೆ, ಒಂದು ಗಂಡಸನ್ನು ಸಾಕಿ ನೋಡಿದ್ದೀನಿ, ಸಾಕು ಅನ್ನುತ್ತಿದ್ದಳು. ಸಾಕಿಸಿಕೊಂಡವನು ಪಕ್ಕದಲ್ಲೇ ಕೂತು ಹಲ್ಲು ಕಿರಿಯುತ್ತಿದ್ದ.

ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಆ ಧ್ವನಿಯೂ ಹೋಯಿತು. ಉಳಿದದ್ದು ಎಡಗೈ, ಕಣ್ಣಿನ ಖಾರ, ಮತ್ತೆ ಒಂದೊಂದೇ ಮಾತು, ಅದೂ ಮುಚ್ಚಿದ ಬಾಗಿಲ ಸಂದಿಯಿಂದ ತೂರಿ ಬಂದ ಹಾಗೆ. ನಂಬರಣ್ಣ ಆಚೆ ಬದಿಯಲ್ಲಿ ಕೆಲಸ ಮಾಡುವಾಗ ಅವಳು ಕರೆಯುವುದು ಹೇಗೆ ಎಂಬುದೇ ದೊಡ್ಡ ಚಿಂತೆಯಾಯಿತು. ಫೋನು ಅವಳ ಬೆರಳಿಗೆ ನಿಲ್ಲುತ್ತಿರಲಿಲ್ಲ, ಸೋಪಿನ ಹಾಗೆ ಜಾರುತ್ತಿತ್ತು. ಕಿಟಕಿಯಿಂದ ಶೆಡ್ಡಿಗೆ ಹಗ್ಗ ಎಳೆದು ಗಂಟೆ ಕಟ್ಟಿದ. ಅದೇ ದಿನ ಹುಲ್ಲು ತುಂಬಿದ ಲಾರಿಯೊಂದು ಹಗ್ಗ ಗಂಟೆ ಎರಡನ್ನೂ ಎಳೆದುಕೊಂಡು, ಊರಾಚೆಯವರೆಗೂ ಬಾರಿಸುತ್ತಾ ಹೋಯಿತು. ಪೇಟೆಯಿಂದ ತಂತಿಯಿಲ್ಲದ ಅಗ್ಗದ ಕರೆಗಂಟೆ ತಂದ. ಅದು ಬೀದಿಯಲ್ಲಿ ಯಾರು ಕಾರಿಗೆ ಬೀಗ ಹಾಕಿದರೂ ಕೂಗುತ್ತಿತ್ತು. ಪ್ರತಿ ಸಲ ಇವನು ಕುಂಚ ಹಿಡಿದು ಮೆಟ್ಟಿಲು ಹತ್ತಿ ಓಡಿದ್ದೇ ಓಡಿದ್ದು. ಗೋಡೆಗಳ ಮೇಲೆ ಬಣ್ಣದ ಬಾಲ ಎಳೆದುಕೊಂಡು ಹೋದ ಗುರುತುಗಳು ಈಗಲೂ ಇವೆ. ಅಕ್ಕ ಆ ಕರೆಗಂಟೆಯ ಗುಂಡಿಯನ್ನು ತಾನೇ ಕಿಟಕಿಯಿಂದ ಆಚೆ ಎಸೆದಳು, ಎಡಗೈಯಲ್ಲಿ.

ಆಗ ಬಂದದ್ದು ಇಂಟರ್‌ನೆಟ್ ಸಂಸ್ಥೆಯವರ ಡಬ್ಬ. ಅದರ ಜೊತೆಗೆ, ಕಾಯಿಲೆಯವರು ಇರುವ ಮನೆಗಳಿಗೆಂದು, ಅಂಗೈಯಗಲದ ಒಂದು ಕೆಂಪು ಗುಂಡಿಯನ್ನೂ ಒಂದು ಗಂಟೆಯನ್ನೂ ಕೊಡುತ್ತಿದ್ದರು. ಗುಂಡಿ ಅಕ್ಕನ ಮಂಚದಲ್ಲಿ, ಗಂಟೆ ಶೆಡ್ಡಿನಲ್ಲಿ, ಡಬ್ಬ ನಡುವಿನ ಕಿಟಕಿಯಲ್ಲಿ. ಜೋಡಿಸಿಕೊಟ್ಟವನು ನಂಬರಣ್ಣನ ಬಾಲ್ಯದ ಗೆಳೆಯ, ಎಲ್ಲರೂ ವೈರಪ್ಪ ಎನ್ನುವ ಎಲೆಕ್ಟ್ರಿಷಿಯನ್. ಅವನು ವಿವರಿಸಿದ್ದು ಇಷ್ಟು: ಮನೆಯೊಳಗಿನ ಒಂದೊಂದು ಸಾಮಾನಿಗೂ ಡಬ್ಬ ಒಂದೊಂದು ನಂಬರು ಹಂಚುತ್ತದೆ, ನಾಲ್ಕು ತುಂಡು, ನಡುವೆ ಚುಕ್ಕಿ. ಗುಂಡಿ ಒತ್ತಿದರೆ ಅದು ಗಂಟೆಯ ನಂಬರಿಗೆ ಹೋಗಿ ಬಾಗಿಲು ತಟ್ಟುತ್ತದೆ. ಗಂಟೆಗೆ ಯಾವಾಗಲೂ ಕೊನೆಯ ತುಂಡು ನಲವತ್ತೊಂದನ್ನೇ ಕೊಡು ಅಂತ ಡಬ್ಬಕ್ಕೆ ಹೇಳಿದ್ದೀನಿ, ಗುಂಡಿಗೂ ಅದನ್ನೇ ಹೇಳಿದ್ದೀನಿ.

ಇಷ್ಟು ಕೇಳಿದ್ದೇ ತಡ, ನಂಬರಣ್ಣನ ಕೈ ತುರಿಸಿತು. ಮನೆಗಳಿಗೆ ನಂಬರು ಬರೆಯುವವನ ಸ್ವಂತ ಮನೆಯೊಳಗೆ ಬರೆಯದ ನಂಬರು ಇರುವುದುಂಟೇ? ಆಗಲೇ ಎನಾಮಲ್ ಬಣ್ಣದ ಡಬ್ಬಿ ತೆರೆದು ಗಂಟೆಯ ನೆತ್ತಿಯ ಮೇಲೆ ನಾಲ್ಕೂ ತುಂಡನ್ನು ನೀಲಿಯಲ್ಲಿ ಬರೆದ, ಚುಕ್ಕಿಗಳನ್ನು ಕೆಂಪಿನಲ್ಲಿ ಇಟ್ಟ, ಸುತ್ತ ಸಣ್ಣದೊಂದು ಬಳ್ಳಿ ಹರಿಸಿದ. ಒಣಗುವವರೆಗೂ ನೊಣ ಕೂರದ ಹಾಗೆ ಕಾದ. ವೈರಪ್ಪ ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡೇ, ಇದು ಬರೆಯೋ ನಂಬರಲ್ಲ ಮಾರಾಯಾ ಎಂದು ಗೊಣಗಿದ. ಬರೆದ ಮೇಲೆ ಬದಲಾಗಲ್ಲ, ನೀನು ಸುಮ್ಮನಿರು ಅಂದ ನಂಬರಣ್ಣ. ಡಬ್ಬಕ್ಕೆ ಅವನ ಅಕ್ಷರ ಓದಲು ಬರುತ್ತದೋ ಇಲ್ಲವೋ ಎಂಬ ಯೋಚನೆ ಅವನಿಗೆ ಬರಲೇ ಇಲ್ಲ. ಊರಿಗೆ ಊರೇ ಓದುತ್ತಿತ್ತಲ್ಲ.

ಬಹಳ ದಿನ ಚೆನ್ನಾಗಿಯೇ ನಡೆಯಿತು. ಅಕ್ಕ ಗುಂಡಿ ಒತ್ತಿದರೆ ಅದರ ಮೇಲೆ ಹಸಿರು ದೀಪ ಮಿನುಗುತ್ತಿತ್ತು, ಆಚೆ ಗಂಟೆ ಕೂಗುತ್ತಿತ್ತು, ತಮ್ಮ ರಸ್ತೆ ದಾಟಿ ಓಡಿ ಬರುತ್ತಿದ್ದ. ಅವಳಿಗೆ ಹಳೆಯ ಕಂಡಕ್ಟರ್ ಗತ್ತು ಮರಳಿತು. ನೀರಿಗೆ ಒತ್ತಿದಳು, ದಿಂಬಿಗೆ ಒತ್ತಿದಳು, ಇವನು ಬೆಳಗಿನಿಂದ ತಿಂಡಿ ತಿಂದಿಲ್ಲ ಎಂದು ನೆನಪು ಮಾಡಲಿಕ್ಕೂ ಒತ್ತಿದಳು. ಅವಳ ಮಟ್ಟಿಗೆ ಅದು ಹೋದ ಧ್ವನಿ ವಾಪಸು ಬಂದ ಹಾಗೆ.

ಹೀಗಿರುವಾಗ ಒಂದು ಬೆಳಗ್ಗೆ ನಂಬರಣ್ಣ ಶೆಡ್ಡಿನಲ್ಲಿ ಒಂದು ಆಸ್ಪತ್ರೆಯ ಉದ್ದನೆಯ ಬೋರ್ಡು ಬರೆಯುತ್ತಾ ಕೂತಿದ್ದ. ಇವತ್ತು ಅಕ್ಕ ಒಂದು ಸಲವೂ ಕರೆಯಲಿಲ್ಲ, ಒಳ್ಳೆ ನಿದ್ದೆ ಬಂದಿರಬೇಕು ಅಂದುಕೊಂಡ. ಖುಷಿಯಲ್ಲಿ ಒಂದು ಹಾಡನ್ನೂ ಗುನುಗಿದ. ಊಟದ ಹೊತ್ತಿಗೆ ಮಹಡಿ ಹತ್ತಿ ಬಾಗಿಲು ತೆಗೆದರೆ ಅಕ್ಕ ಮಂಚದಲ್ಲಿರಲಿಲ್ಲ. ನೀರಿನ ಲೋಟಕ್ಕೆ ಕೈ ಚಾಚಿ ಜಾರಿದವಳು ಮಂಚಕ್ಕೂ ಗೋಡೆಗೂ ನಡುವೆ, ಬಲಗೈಯ ಮೇಲೇ ಬಿದ್ದಿದ್ದಳು. ಚೆಲ್ಲಿದ ನೀರು ಸೀರೆಯಲ್ಲೇ ಒಣಗಿತ್ತು. ಎಡಗೈಯಲ್ಲಿ ಜೊತೆಗೇ ಕೆಳಗೆ ಬಿದ್ದ ಗುಂಡಿ ಇತ್ತು, ಹೆಬ್ಬೆರಳು ಒತ್ತುತ್ತಲೇ ಇತ್ತು, ಹಸಿರು ದೀಪ ಮಿನುಗುತ್ತಲೇ ಇತ್ತು. ಬೆಳಗಿನಿಂದ ಒತ್ತಿದ ಹೆಬ್ಬೆರಳು ಬಾತುಕೊಂಡಿತ್ತು.

ಅವನು ಅವಳನ್ನು ಎತ್ತಿ ಮಲಗಿಸಿದ. ಅವಳು ಅಳಲಿಲ್ಲ. ಟಿಕೆಟ್ಟಿಲ್ಲದೆ ಕೂತವನನ್ನು ನೋಡುವ ಹಾಗೆ ಅವನನ್ನು ನೋಡಿದಳು. ಬಹಳ ಹೊತ್ತು ತುಟಿ ಸರಿಮಾಡಿಕೊಂಡು ಒಂದೇ ಮಾತು ಆಡಿದಳು.

“ಬರಲಿಲ್ಲ.”

“ಗಂಟೆ ಕೂಗಲಿಲ್ಲ ಅಕ್ಕ. ನಿನ್ನಾಣೆಗೂ ಕೂಗಲಿಲ್ಲ.”

ಅವಳು ಗುಂಡಿಯನ್ನು ಅವನ ಮುಖದ ಮುಂದೆ ಹಿಡಿದು ಒತ್ತಿ ತೋರಿಸಿದಳು. ಹಸಿರು ದೀಪ. ಕಳಿಸಿದೆ ಎಂದು ಗುಂಡಿಯೇ ಹೇಳುತ್ತಿರುವಾಗ ತಮ್ಮನ ಆಣೆಯನ್ನು ಯಾರು ಕೇಳುತ್ತಾರೆ? ಅವಳು ಮುಖ ತಿರುಗಿಸಿದಳು. ಡಾಕ್ಟರು ಬಂದು, ಮೂಳೆಗೆ ಏನೂ ಆಗಿಲ್ಲ, ಪುಣ್ಯ ಎಂದು ಹೇಳಿ ಹೋದರು. ಮೂಳೆ ನೋಡುವುದು ಅವರ ಕೆಲಸ. ಅಕ್ಕ ತನ್ನ ತಮ್ಮ ಕೇಳಿಯೂ ಕೇಳದ ಹಾಗೆ ಕೂತಿದ್ದ ಎಂದು ನಂಬಿಬಿಟ್ಟಿದ್ದು ಅವರ ಕಿವಿಯ ಕೊಳವೆಗೆ ಕೇಳಿಸುವಂಥದಲ್ಲ.

ವೈರಪ್ಪ ಬಂದು ಡಬ್ಬದ ಮುಂದೆ ಕೂತ. ಸ್ವಲ್ಪ ಹೊತ್ತಿಗೆ ಟೆಸ್ಟರನ್ನು ಬಾಯಿಂದ ತೆಗೆದ. ಅಂದರೆ ವಿಷಯ ದೊಡ್ಡದು. ಸಂಸ್ಥೆಯವರು ದೂರದಿಂದಲೇ ಡಬ್ಬದೊಳಗಿನ ವ್ಯವಸ್ಥೆಯನ್ನೆಲ್ಲ ಬದಲಾಯಿಸಿದ್ದಾರೆ, ನಂಬರುಗಳನ್ನು ಬುಡದಿಂದ ತಲೆಯವರೆಗೆ ಹೊಸದಾಗಿ ಹಂಚಿದ್ದಾರೆ, ನಾನು ಕಾದಿರಿಸಿದ್ದ ನಲವತ್ತೊಂದನ್ನು ಅಳಿಸಿದ್ದಾರೆ ಅಂದ. ಈಗ ಗಂಟೆಗೆ ಬೇರೆ ನಂಬರು. ಗುಂಡಿ ಪಾಪ ಹಳೆಯ ನಂಬರಿಗೇ ಹೋಗಿ ಬಾಗಿಲು ತಟ್ಟುತ್ತಿದೆ, ಅಲ್ಲಿ ಯಾರೂ ಇಲ್ಲ. ಗಂಟೆಯ ನೆತ್ತಿಯ ಮೇಲಿನ ನೀಲಿ ಅಂಕಿಗಳು ಮಾತ್ರ ಬಳ್ಳಿಯ ನಡುವೆ ಹೊಳೆಯುತ್ತಿದ್ದವು. ಅಷ್ಟು ಚೆಂದದ ಸುಳ್ಳನ್ನು ನಂಬರಣ್ಣ ಜನ್ಮದಲ್ಲೇ ಬರೆದಿರಲಿಲ್ಲ.

ಸರಿ, ಮತ್ತೆ ಮೊದಲಿನ ಹಾಗೆ ಮಾಡು ಅಂದರೆ ಆಗಲಿಲ್ಲ. ಮೊದಲು ಡಬ್ಬದ ತಳದಲ್ಲಿ ಅಂಟಿಸಿದ್ದ ಗುಟ್ಟಿನ ಪದ ಹಾಕಿದರೆ ಒಳಗೆ ಬಿಡುತ್ತಿತ್ತು. ಈಗ ಅದನ್ನೂ ಬದಲಾಯಿಸಿದ್ದರು. ವೈರಪ್ಪ ಗಂಟೆಯ ಹೊಸ ನಂಬರನ್ನು ತನ್ನ ಫೋನಿನಲ್ಲಿ ಹುಡುಕಿ ಗುಂಡಿಗೆ ಕಲಿಸಿದ. ಗಂಟೆ ಕೂಗಿತು, ಅಕ್ಕನ ಮುಖವೂ ಸ್ವಲ್ಪ ಸಡಿಲಾಯಿತು. ಮರುದಿನವೇ ಡಬ್ಬ ತಾನಾಗಿ ಆರಿ ಹೊತ್ತಿಕೊಂಡು ಗಂಟೆಗೆ ಮತ್ತೊಂದು ನಂಬರು ಕೊಟ್ಟಿತು. ವೈರಪ್ಪ ತನ್ನ ಮನೆಯ ಹಳೆಯ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಸಂಸ್ಥೆಯ ಗುಂಡಿ ಪರರ ಡಬ್ಬವನ್ನು ಕಣ್ಣೆತ್ತಿಯೂ ನೋಡಲಿಲ್ಲ, ಬೀಗರ ಮನೆಯಲ್ಲಿ ಮುನಿಸಿಕೊಂಡ ಭಾವನ ಹಾಗೆ ಮುದುರಿ ಕೂತಿತು.

ನಂಬರಣ್ಣ ಸಂಸ್ಥೆಗೆ ಫೋನು ಮಾಡಿದ. ಮೊದಲು ಸಂಗೀತ ಕೇಳಿಸಿದರು. ಕಿವಿಯಲ್ಲಿ ಪಾಚಿ ಬೆಳೆಯುವಷ್ಟು ಹೊತ್ತಾದ ಮೇಲೆ ಒಬ್ಬ ಹೆಣ್ಣುಮಗಳು ಬಂದಳು, ಬೆಣ್ಣೆಯಂಥ ಮಾತು. ಅವಳಿಗೆ ಇವನು ಎಲ್ಲ ಹೇಳಿದ: ಅಕ್ಕ, ಮಂಚ, ಗುಂಡಿ, ಸೀರೆಯಲ್ಲೇ ಒಣಗಿದ ನೀರು. ಅವಳು ನಿಜವಾಗಿಯೂ ಮರುಗಿದಳು. ಆಮೇಲೆ, ಗುಂಡಿ ಮತ್ತು ಗಂಟೆಯ ಆ ಯೋಜನೆ ಈಗ ನಿಂತುಹೋಗಿದೆ ಎಂದಳು.

“ಹೋಗಲಿ ತಾಯಿ, ಆ ಗುಟ್ಟಿನ ಪದ ಕೊಡಿ. ನಾವೇ ನಂಬರು ಹಾಕ್ಕೋತೀವಿ.”

“ಅದನ್ನ ಗ್ರಾಹಕರಿಗೆ ಕೊಡೋ ಹಾಗಿಲ್ಲ ಸರ್. ಡಬ್ಬ ಸಂಸ್ಥೆಯದು. ನಿಮಗೆ ಬಳಸೋಕೆ ಕೊಟ್ಟಿರೋದು.”

“ಮನೆ?”

“ಮನೆ ನಿಮ್ಮದೇ ಸರ್,” ಅಂದಳು ಅವಳು, ಉಡುಗೊರೆ ಕೊಡುವವಳ ಹಾಗೆ.

“ಹಾಗಾದ್ರೆ ನಮ್ಮನೆಯೊಳಗಿನ ಸಾಮಾನಿಗೆ ನಂಬರು ಕೊಡೋರು ಯಾರು?”

“ಡಬ್ಬ ಸರ್.”

“ಡಬ್ಬಕ್ಕೆ ಹೇಳೋರು?”

“ಕೇಂದ್ರ ಸರ್.”

“ಕೇಂದ್ರಕ್ಕೆ ಯಾರು ಹೇಳ್ತಾರೆ?”

ಈ ಪ್ರಶ್ನೆ ಅವಳಿಗೂ ಹೊಸದಿರಬೇಕು. ಕೇಂದ್ರದವರ ಹತ್ತಿರ ತಾವು ಯಾರೂ ಮಾತಾಡುವ ಹಾಗಿಲ್ಲ, ಅವರು ಕಳಿಸಿದ್ದನ್ನು ಓದಿ ಹೇಳುವುದಷ್ಟೇ ತಮ್ಮ ಕೆಲಸ ಎಂದು ದನಿ ತಗ್ಗಿಸಿ ಹೇಳಿದಳು. ದೂರು ಬರೆದುಕೊಂಡಿದ್ದೇನೆ, ಒಬ್ಬರು ಬರುತ್ತಾರೆ ಎಂದಳು. ನಂಬರಣ್ಣನಿಗೆ ಅವಳ ಮೇಲೆ ಸಿಟ್ಟು ಮಾಡಲೂ ಬರಲಿಲ್ಲ. ಬೈಯಲು ಸರಿಯಾದ ಮನುಷ್ಯ ಸಿಗದೆ ಅವನ ಬೈಗುಳವೆಲ್ಲ ಹೊಟ್ಟೆಯಲ್ಲೇ ಉಳಿದು ಹುಳಿತೇಗು ಬಂತು.

ನಗರಸಭೆಯಲ್ಲಿ ಅವನಿಗೆ ಬೇಕಾದ ಗುಮಾಸ್ತನೊಬ್ಬನಿದ್ದ. ಒಂದು ಸಲ ಮನೆಗಳ ನಂಬರು ಬದಲಾಯಿಸಬೇಕು ಎಂದು ನಗರಸಭೆ ಹೊರಟು ಗಲಾಟೆಯಾದಾಗ, ಬೀದಿಯವರೆಲ್ಲ ಇವನನ್ನು ಮುಂದಿಟ್ಟುಕೊಂಡು ಹೋಗಿ, ಗುಮಾಸ್ತನ ಮೇಜಿನ ಮುಂದೆ ಕೂತು, ಆಗಲ್ಲ ಎಂದು ಹೇಳಿ, ಹಳೆಯ ನಂಬರನ್ನೇ ಉಳಿಸಿಕೊಂಡು ಎದ್ದು ಬಂದಿದ್ದರು. ಅಲ್ಲಿ ಮೇಜು ಅಂತ ಒಂದಿತ್ತು, ಮೇಜಿನ ಹಿಂದೆ ಒಂದು ಮುಖವಿತ್ತು. ಈಗ ಅದೇ ಗುಮಾಸ್ತನನ್ನು ಕೇಳಿದರೆ ಅವನು ನಕ್ಕ. ಬಾಗಿಲ ಹೊರಗಿನದು ನಮ್ಮದು, ಒಳಗಿನದು ನಮಗೆ ಬರಲ್ಲಣ್ಣ. ನಮ್ಮ ಮನೆಯ ಡಬ್ಬವೂ ನಮ್ಮ ಮಾತು ಕೇಳಲ್ಲ ಅಂದ. ಬೇರೆ ಸಂಸ್ಥೆಗೆ ಹೋಗೋಣವೆಂದರೆ ಆ ಬೀದಿಗೆ ಬಂದಿದ್ದದ್ದು ಇವರ ತಂತಿಯೊಂದೇ.

ಕೊನೆಗೆ ನಂಬರಣ್ಣ ಶೆಡ್ಡನ್ನೇ ಮಹಡಿಗೆ ಹೊತ್ತ. ಹೊತ್ತ ಎಂದರೆ ಕುಂಚ, ಬಣ್ಣ, ಸಣ್ಣ ತಗಡುಗಳು ಇವಷ್ಟೇ ಬಂದವು. ಆಸ್ಪತ್ರೆಯ ಬೋರ್ಡು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಮೇಲೂ ಬರದೆ ಕೆಳಗೂ ಇಳಿಯದೆ, ಕೆಳಗಿನ ಮನೆಯವರು ಅರ್ಧ ದಿನ ಅದರ ಅಡಿಯಲ್ಲಿ ಬಗ್ಗಿ ಓಡಾಡಿದರು. ಆಮೇಲೆ ಅದನ್ನು ಬೇರೊಬ್ಬ ಪೇಂಟರ್ ಬರೆದ. ಅವನ ಸೊನ್ನೆ ಉಪವಾಸವಿದ್ದ ಹಾಗಿತ್ತು. ದೊಡ್ಡ ಬೋರ್ಡಿನ ಕೆಲಸಗಳೆಲ್ಲ ಆ ಸೊನ್ನೆಯ ಹಿಂದೆಯೇ ಹೋದವು. ಎನಾಮಲ್ ವಾಸನೆಗೆ ಅಕ್ಕನಿಗೆ ಕೆಮ್ಮು ಬರುತ್ತಿತ್ತು. ಅವಳು ಕೆಮ್ಮಿದಾಗ ಇವನು ಕಿಟಕಿ ತೆರೆಯುತ್ತಿದ್ದ, ಧೂಳು ಬಂದು ಹಸಿ ಬಣ್ಣದ ಮೇಲೆ ಕೂತಾಗ ಮುಚ್ಚುತ್ತಿದ್ದ. ದಿನವೆಲ್ಲ ಇದೇ ಕೆಲಸ, ನಡುನಡುವೆ ನಂಬರು ಬರೆಯುವುದು.

ಅಕ್ಕ ಗುಂಡಿಯನ್ನು ಮಾತ್ರ ಬಿಡಲಿಲ್ಲ. ತಮ್ಮ ಎದುರಿಗೇ ಕೂತಿರುವಾಗಲೂ ಒಮ್ಮೊಮ್ಮೆ ಅವನ ಮುಖ ನೋಡುತ್ತಲೇ ಒತ್ತುತ್ತಿದ್ದಳು. ಹಸಿರು ದೀಪ ಮಿನುಗುತ್ತಿತ್ತು. ರಸ್ತೆಯಾಚೆಯ ಖಾಲಿ ಶೆಡ್ಡಿನಲ್ಲಿ ಗಂಟೆ ಸುಮ್ಮನಿರುತ್ತಿತ್ತು. ನಂಬರಣ್ಣ ಅರ್ಧ ಎಳೆದ ಗೆರೆಯನ್ನು ಅಲ್ಲೇ ಬಿಟ್ಟು ಎದ್ದು ಮಂಚದ ಹತ್ತಿರ ಹೋಗಿ, “ಬಂದೆ ಅಕ್ಕ” ಅನ್ನುತ್ತಿದ್ದ. ಅವಳಿಗೆ ಏನೂ ಬೇಕಾಗಿರುತ್ತಿರಲಿಲ್ಲ. ಅವಳು ತಲೆ ಆಡಿಸಿದ ಮೇಲೆ ಇವನು ವಾಪಸು ಬಂದು ಕೂರುತ್ತಿದ್ದ. ಗಂಟೆ ಕೂಗಲಿಲ್ಲ ಎಂಬುದನ್ನು ಅವಳು ನಂಬಿದಳೋ, ಅವನನ್ನು ಪರೀಕ್ಷೆ ಮಾಡುತ್ತಿದ್ದಳೋ, ಅದನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ.

ಹೀಗೆ ಎದ್ದು ಕೂತು ಎದ್ದು ಕೂತು ಒಂದು ದಿನ ಅವನ ಕಣ್ಣು ಕಿಟಕಿಯಲ್ಲಿದ್ದ ಡಬ್ಬದ ಮೇಲೆ ಬಿತ್ತು. ಬಿಳಿ ಬಣ್ಣದ್ದು, ನುಣುಪು ಮೈ, ಮುಂದೆ ಸಾಲು ದೀಪ. ಯಾರ ಮನೆಯಲ್ಲಿ ಇದ್ದೇನೆಂಬ ಪರಿವೆಯೇ ಇಲ್ಲದೆ ಕಣ್ಣು ಮಿಟುಕಿಸುತ್ತಿತ್ತು. ನಂಬರಣ್ಣ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಅತಿ ಸಣ್ಣ ಕುಂಚ ಆರಿಸಿ, ಕಪ್ಪು ಎನಾಮಲ್ಲಿನಲ್ಲಿ ಎರಡು ಸಾಲು ಬರೆದ: ‘ಈ ಡಬ್ಬ ನಮ್ಮದಲ್ಲ. ಯಜಮಾನರು ಊರಲ್ಲಿಲ್ಲ.’ ಅಕ್ಷರಗಳು ಮುತ್ತಿನ ಹಾಗಿದ್ದವು. ಅಕ್ಕನಿಗೆ ತೋರಿಸಿದ. ಅವಳ ಬಾಯಿಯ ಎಡ ತುದಿ ಸ್ವಲ್ಪ ಮೇಲಕ್ಕೆ ಹೋಯಿತು. ಬಿದ್ದ ದಿನದಿಂದೀಚೆಗೆ ಅವನು ಅದನ್ನು ನೋಡಿದ್ದು ಅದೇ ಮೊದಲು.

ದೂರು ಹಳತಾಗಿ, ಎಲ್ಲರೂ ಮರೆತ ಮೇಲೆ, ಸಂಸ್ಥೆಯಿಂದ ಒಬ್ಬ ಮೇಲ್ವಿಚಾರಕ ಬಂದ. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯಲ್ಲಿ ಗುರುತಿನ ಚೀಟಿ. ಒಳ್ಳೆಯ ಮನುಷ್ಯನೇ, ಚಪ್ಪಲಿ ಹೊರಗೆ ಬಿಟ್ಟು ಬಂದ, ಅಕ್ಕನ ಆರೋಗ್ಯ ವಿಚಾರಿಸಿದ. ನಂಬರಣ್ಣ ಅವನ ಮುಂದೆ ಗುಂಡಿ ಒತ್ತಿ ತೋರಿಸಿದ, ಆಚೆಯ ಶೆಡ್ಡಿಗೆ ಕರೆದುಕೊಂಡು ಹೋಗಿ ಮೂಕ ಗಂಟೆಯನ್ನೂ ತೋರಿಸಿದ. ಗುಟ್ಟಿನ ಪದ ತನ್ನ ಹತ್ತಿರವೂ ಇಲ್ಲ, ತನ್ನ ಮೇಲಿನವರ ಹತ್ತಿರವೂ ಇಲ್ಲ, ತನ್ನ ಮನೆಯಲ್ಲೂ ಇದೇ ಡಬ್ಬ, ತಾನೂ ಅದಕ್ಕೆ ಕೈಮುಗಿದುಕೊಂಡೇ ಬದುಕುತ್ತಿದ್ದೇನೆ ಅಂದ ಅವನು. ಬಗೆಹರಿಯಿತು ಎಂದು ಬರೆದರೆ ಮಾತ್ರ ದೂರು ಮುಚ್ಚುತ್ತದಂತೆ, ಬೇರೆ ಏನನ್ನೂ ಬರೆಯಲು ಜಾಗವೇ ಇಲ್ಲವಂತೆ.

ವಾಪಸು ಮಹಡಿಗೆ ಬಂದು ಹೊರಡುವ ಮುಂಚೆ ಡಬ್ಬವನ್ನು ತಿರುಗಿಸಿ ನೋಡಿದ. ಎರಡು ಸಾಲನ್ನೂ ಓದಿದ. ಅವನ ಮುಖ ಕೆಲಸದ ಮುಖವಾಯಿತು. ಇದು ಸಂಸ್ಥೆಯ ಆಸ್ತಿ, ಇದರ ಮೈಮೇಲೆ ಹೀಗೆಲ್ಲ ಬರೆಯುವುದು ಆಸ್ತಿ ಹಾಳು ಮಾಡಿದ ಹಾಗೆ, ವಾಪಸು ಕೊಡುವಾಗ ಕೊಟ್ಟ ಹಾಗೆಯೇ ಇರಬೇಕು ಎಂದು ಮೆತ್ತಗೆ, ಬೇಸರದಿಂದಲೇ ಹೇಳಿದ.

“ಯಾರನ್ನ ಕೇಳಿ ಬರೆದಿರಿ ಇದನ್ನ?”

ಮಂಚದ ಮೇಲೆ ಅಕ್ಕ ಗುಂಡಿ ಒತ್ತಿದಳು. ನಂಬರಣ್ಣ ಎದ್ದು ಹೋಗಿ, ಬಂದೆ ಅಕ್ಕ ಎಂದು ಹೇಳಿ, ಅವಳು ತಲೆ ಆಡಿಸಿದ ಮೇಲೆ ಮೇಲ್ವಿಚಾರಕನ ಕಡೆ ತಿರುಗಿದ.

“ಸ್ವಾಮಿ, ನಾನು ನಿಮ್ಮ ಡಬ್ಬದ ಮೇಲೆ ಬರೆದದ್ದು ಟರ್ಪೆಂಟೈನ್ ಹಾಕಿ ಒರೆಸಿದ್ರೆ ಹೋಗತ್ತೆ. ನೀವು ನಮ್ಮನೆ ಒಳಗೆ ಬರೆದಿದ್ದೀರಲ್ಲ, ಅದಕ್ಕೆ ಏನು ಹಾಕಿ ಒರೆಸೋದು, ಅದೊಂದು ಹೇಳಿ ಹೋಗಿ.”